ಗಾಳಕ್ಕೆ ಹಿಡಿದಿಟ್ಟ ಎರೆಹುಳ ಬೆಳಗಾಗೋದರೊಳಗೆ ಸಾಯುತ್ತಿವೆ, ಏನು ಮಾಡಲಿ?

ಗದಗ ಗಾಳ:
ಎಲ್ಲರಿಗೂ ನಮಸ್ಕಾರ. ರವಿವಾರ ಮುಂಡರಗಿ ಕಡೆ ತುಂಗಭದ್ರಾ ಹೊಳೆಗೆ ಗಾಳ ಹಾಕಲು ಹೋಗುತ್ತೇನೆ. ಹಿಂದಿನ ಸಂಜೆಯೇ ಎರೆಹುಳ ಹಿಡಿದು ಐಸ್‌ಕ್ರೀಮ್ ಡಬ್ಬಿಯಲ್ಲಿ ಇಡುತ್ತೇನೆ. ಒಣಗಬಾರದು ಅಂತ ಹೊಲದ ಮಣ್ಣು ತುಂಬಿ, ನೀರು ಜಾಸ್ತಿನೇ ಹಾಕುತ್ತೇನೆ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿದ್ದೇನೆ. ಆದರೂ ಬೆಳಗ್ಗೆ ತೆಗೆದರೆ ಗಬ್ಬು ನಾತ. ಅರ್ಧ ಹುಳ ಬಿಳಿಚಿಕೊಂಡು ನೀರಾಗಿರುತ್ತವೆ. ಉಳಿದವು ಗಾಳಕ್ಕೆ ಚುಚ್ಚಿದರೆ ಅಲುಗುವುದೇ ಇಲ್ಲ.

ಇನ್ನೊಂದು ತಾಪತ್ರಯ. ಮಳೆಗಾಲದಲ್ಲಿ ಎಲ್ಲಿ ಅಗೆದರೂ ಹುಳ. ಈ ಬೇಸಿಗೆಯಲ್ಲಿ ಹೊಲದಲ್ಲಿ ಒಂದೂ ಇಲ್ಲ. ಸದ್ಯಕ್ಕೆ ಓಣಿಯವರ ತಿಪ್ಪೆಯೇ ಗತಿ.

ವರದಾ ದಂಡೆ:
ಕಪ್ಪು ಎರೆ ಮಣ್ಣಾ, ಕೆಂಪು ಮಸಾರಿಯಾ? ಡಬ್ಬಿಯ ತಳಕ್ಕೆ ತೂತು ಇದೆಯಾ? ರಾತ್ರಿ ಎಲ್ಲಿ ಇಡುತ್ತೀರಿ?

ಗದಗ ಗಾಳ:
ಪಕ್ಕಾ ಎರೆ ಮಣ್ಣು ರೀ. ತಳಕ್ಕೆ ತೂತಿಲ್ಲ. ಪಡಸಾಲೆಯಲ್ಲಿ ಇಡುತ್ತೇನೆ, ಮೇಲೆ ತಗಡಿನ ಶೀಟು.

ವರದಾ ದಂಡೆ:
ಹಾಗಾದರೆ ಹುಳ ಉಸಿರು ಕಟ್ಟಿ ಸಾಯುತ್ತಿವೆ. ಎರೆಹುಳ ಉಸಿರಾಡುವುದೇ ಚರ್ಮದಿಂದ. ಚರ್ಮ ಹಸಿ ಇರಬೇಕು ನಿಜ, ಆದರೆ ಸುತ್ತ ಗಾಳಿಯೂ ಬೇಕಲ್ವಾ? ಎರೆ ಮಣ್ಣಿಗೆ ನೀರು ಬಿದ್ದರೆ ಅಂಟಿಕೊಂಡು ಒಂದೇ ಮುದ್ದೆ. ಮುಚ್ಚಳಕ್ಕೆ ಎಷ್ಟು ತೂತು ಹೊಡೆದರೂ ಗಾಳಿ ಅದರೊಳಗೆ ಇಳಿಯಲ್ಲ. ಒಂದೆರಡು ಸತ್ತು ಕೊಳೆತರೆ ಉಳಿದವಕ್ಕೂ ಕುತ್ತು. ಸಾಲದ್ದಕ್ಕೆ ತಗಡಿನ ಕಾವು. 30 ಡಿಗ್ರಿ ದಾಟಿದರೆ ಹುಳ ಒದ್ದಾಡುತ್ತವೆ, 35ರ ಆಚೆ ಹೆಚ್ಚಿನವು ಉಳಿಯುವುದಿಲ್ಲ.

ಡಬ್ಬಿ ಬಿಡಿ. ಬಾಯಿ ಅಗಲ ಇರುವ ಹಳೆ ಮಣ್ಣಿನ ಗಡಿಗೆ ತಗೊಂಡು ತಳಕ್ಕೆ ಸಣ್ಣ ತೂತು ಮಾಡಿ. ತೆಂಗಿನ ನಾರಿನ ಪುಡಿ ಅರ್ಧ, ಪೂರ್ತಿ ಕಳಿತ ತಿಪ್ಪೆಗೊಬ್ಬರ ಅರ್ಧ ಹಾಕಿ. ಹಸಿ ಸಗಣಿ ಬೇಡ, ಕಾವು ಏಳುತ್ತದೆ. ನೀರು ಚಿಮುಕಿಸಿ ಮುಷ್ಟಿಯಲ್ಲಿ ಹಿಂಡಿ ನೋಡಿ. ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಹುಳ ಮೇಲೆ ಸುರಿದು ಸುಮ್ನೆ ಬಿಡಿ, ನೀವೇ ಹೂಳಬೇಡಿ. ಗಟ್ಟಿ ಇದ್ದವು ತಾವೇ ಒಳಗೆ ಹೋಗುತ್ತವೆ. ಹದಿನೈದು ನಿಮಿಷ ಆದರೂ ಮೇಲೆ ಬಿದ್ದುಕೊಂಡವು, ಸಲಿಕೆಗೆ ತುಂಡಾದವು, ಎಲ್ಲ ಕೋಳಿಗೆ. ಬಾಯಿಗೆ ಒದ್ದೆ ಗೋಣಿ ಕಟ್ಟಿ ಬಚ್ಚಲ ಮೂಲೆಯಲ್ಲಿಡಿ.

ಹಾನಗಲ್ ತೋಟ:
ಹುಳ ಹುಡುಕೋ ವಿಷಯ ನಾನು ಹೇಳುತ್ತೇನೆ. ಬಿರುಕು ಬಿಟ್ಟ ಎರೆ ಹೊಲ ಅಗೆದರೆ ಸೊಂಟ ನೋವು ಅಷ್ಟೇ ಲಾಭ. ಅವು ತೇವ ಹುಡುಕಿ ಆಳಕ್ಕಿಳಿದು, ಸುರುಳಿ ಸುತ್ತಿ ಮಲಗಿರುತ್ತವೆ. ಬಚ್ಚಲ ನೀರು ಹರಿಯುವ ಬಾಳೆ ಬುಡ, ದನ ನೀರು ಕುಡಿಯುವ ಬಾನಿಯ ಸುತ್ತ, ತಿಪ್ಪೆಯ ಕೆಳ ಅಂಚು ನೋಡಿ. ಸೋಪಿನ ನೀರು ನಿಲ್ಲುವ ಜಾಗದಿಂದ ಒಂದು ಮಾರು ಆಚೆ ಅಗೆಯಿರಿ. ಅದೂ ಇಲ್ಲದಿದ್ದರೆ ನೆರಳಲ್ಲಿ ಒಂದು ಬುಟ್ಟಿ ಹಳೆ ಗೊಬ್ಬರ ಹರವಿ, ಮೇಲೆ ಗೋಣಿ ಹಾಸಿ, ದಿನಾ ಸಂಜೆ ನೀರು ಹಾಕಿ. ವಾರ ಹತ್ತು ದಿನ ಬಿಟ್ಟು ಗೋಣಿ ಎತ್ತಿ ನೋಡಿ.

ಅಡ್ಡಮಳೆ ಬಿದ್ದ ರಾತ್ರಿ ಮಾತ್ರ ಬಿಡಬೇಡಿ. ಬ್ಯಾಟರಿಗೆ ಕೆಂಪು ಹಾಳೆ ಸುತ್ತಿಕೊಳ್ಳಿ, ಕೆಂಪು ಬೆಳಕಿಗೆ ಹುಳ ಅಷ್ಟಾಗಿ ಬೆದರುವುದಿಲ್ಲ. ಹೆಜ್ಜೆ ಮೆತ್ತಗಿರಲಿ, ನೆಲ ಅದುರಿದರೆ ಸರ್ರನೆ ಒಳಗೆ. ಬಾಲ ಬಿಲದಲ್ಲಿದ್ದರೆ ಜಗ್ಗಬೇಡಿ, ಹರಿಯುತ್ತದೆ. ಬೆರಳಲ್ಲಿ ಹಿಡಿದು ಹಾಗೇ ಇರಿ. ಅದು ಬಿಗಿ ಬಿಟ್ಟಾಗ ಮೆಲ್ಲಗೆ ಎಳೆಯಿರಿ.

ಹುಬ್ಬಳ್ಳಿ ಬೈಕು:
ಇಷ್ಟೆಲ್ಲ ಯಾಕ್ರೀ? ಬಟ್ಟೆ ಸೋಪಿನ ಪುಡಿ ಕದಡಿ ನೆಲಕ್ಕೆ ಸುರಿಯಿರಿ, ಎಲ್ಲ ಮೇಲೆ ಬರುತ್ತವೆ. ಕರೆಂಟ್ ಕೊಟ್ಟರೆ ಇನ್ನೂ ಬೇಗ.

ಹಾನಗಲ್ ತೋಟ:
ಅಣ್ಣಾರೆ, ಕರೆಂಟಿನ ಮಾತು ಬೇಡವೇ ಬೇಡ. ಹಸಿ ನೆಲ, ಬರಿಗಾಲು, ಹುಳಕ್ಕಿಂತ ಮೊದಲು ನಾವೇ ಹೋಗುತ್ತೇವೆ. ಸೋಪಿನ ಪುಡಿಗೆ ಮೇಲೆ ಬರುವುದೇನೋ ನಿಜ, ಆದರೆ ಚರ್ಮ ಉರಿದು ಬರುತ್ತವೆ. ಬಾಳುವುದಿಲ್ಲ. ಅಷ್ಟು ಅವಸರ ಇದ್ದರೆ ಬಕೆಟ್ ನೀರಿಗೆ ಎರಡು ಮೂರು ಚಮಚ ಸಾಸಿವೆ ಪುಡಿ ಕಲಸಿ ಹೊಯ್ಯಿರಿ. ಮೇಲೆ ಬಂದ ಕೂಡಲೇ ಒಳ್ಳೆ ನೀರಲ್ಲಿ ತೊಳೆಯಿರಿ. ಒಣ ನೆಲಕ್ಕೆ ಇದೂ ದಂಡ.

ಗದಗ ಗಾಳ:
ಗಡಿಗೆ ಉಪಾಯ ಫಲಿಸಿತು, ಸತ್ತವು ಬೆರಳೆಣಿಕೆ. ಈ ಸಲ ಗೆಳೆಯನ ಎರೆಗೊಬ್ಬರದ ತೊಟ್ಟಿಯಿಂದಲೂ ಒಂದಿಷ್ಟು ತಂದೆ. ಸಣ್ಣ ಕೆಂಪು ಹುಳ, ಚುಚ್ಚಿದರೆ ಹಳದಿ ರಸ, ಕೆಟ್ಟ ವಾಸನೆ. ಜಿಲೇಬಿ ಮೀನು (ತಿಲಾಪಿಯಾ) ಬಂದು ಮೂತಿ ತಾಗಿಸಿ ವಾಪಸ್ ಹೋಗುತ್ತಿವೆ.

ವರದಾ ದಂಡೆ:
ಅದು ಐಸೀನಿಯಾ ಫೆಟಿಡಾ. ಕೆಣಕಿದರೆ ಆ ರಸ ಬಿಡುತ್ತದೆ. ಮೀನು ತಿನ್ನುವುದೇ ಇಲ್ಲ ಅಂತಲ್ಲ, ಆದರೆ ನಾನು ಅದನ್ನು ನಂಬಿ ಹೊಳೆಗೆ ಹೋಗುವುದಿಲ್ಲ. ಅದೇ ತೊಟ್ಟಿಯಲ್ಲಿ ನೇರಳೆ ಹೊಳಪಿನ ಉದ್ದ ಹುಳ ಇವೆಯಾ ನೋಡಿ. ಯೂಡ್ರಿಲಸ್ ಅಂತಾರೆ, ಗೊಬ್ಬರ ಮಾಡುವವರು ಅದನ್ನೂ ಸಾಕುತ್ತಾರೆ. ಜಿಲೇಬಿ ಬಾಯಿ ಸಣ್ಣದು, ಇಡೀ ಹುಳ ಬೇಡ. ಸಣ್ಣ ಗಾಳಕ್ಕೆ ಒಂದು ತುಂಡು ಏರಿಸಿ, ತುದಿ ಅರ್ಧ ಇಂಚು ಆಡುತ್ತಿರಲಿ. ಚೇಳು ಮೀನಿಗಾದರೆ ದಪ್ಪ ಹುಳ, ಕತ್ತಲಾಗುವ ಹೊತ್ತು, ತಳಕ್ಕೆ ಬಿಡಿ. ಬಿಡಿಸುವಾಗ ಕೈ ಜೋಪಾನ, ಅದರ ಮುಳ್ಳು ತಾಗಿದರೆ ಉರಿ ತಡೆಯೋಕಾಗಲ್ಲ. ರೋಹು, ಕಾಟ್ಲಾಕ್ಕೆ ಹುಳದ ಗೊಡವೆಯೇ ಬೇಡ. ಶೇಂಗಾ ಹಿಂಡಿ, ಜೋಳದ ಹಿಟ್ಟು ಕಲಸಿ ಉಂಡೆ ಮಾಡಿ.

ಗದಗ ಗಾಳ:
ಯೂಡ್ರಿಲಸ್ ಸಿಕ್ಕರೆ ಫ್ರಿಜ್‌ನಲ್ಲಿ ಇಡಬಹುದಾ?

ವರದಾ ದಂಡೆ:
ಬೇಡ. ಅದು ಆಫ್ರಿಕಾದ ಬಿಸಿ ನಾಡಿನ ಹುಳ, ಅಷ್ಟು ಚಳಿ ತಾಳಲ್ಲ. ಗಡಿಗೆಯೇ ಇರಲಿ, ಮನೆಯಲ್ಲಿ ಜಗಳವೂ ತಪ್ಪುತ್ತದೆ.