ಕಡಜ ಕಚ್ಚಿದ ಮರುದಿನ ಮೂತ್ರ ಕಪ್ಪಗಾಗಿದೆ, ಕಾಯಬಹುದಾ ಡಾಕ್ಟ್ರೇ?

ಪ್ರಶ್ನೆ: ನಮ್ಮ ಮಾವನಿಗೆ 58 ವರ್ಷ. ನಿನ್ನೆ ಬೆಳಿಗ್ಗೆ ಕಡಜದ ಹುಳುಗಳು ಮುತ್ತಿಕೊಂಡು ಕಚ್ಚಿದವು. ಎಣಿಸಿದರೆ ನಲವತ್ತರ ಹತ್ತಿರ ಗುರುತುಗಳಿವೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು. ಬಿಪಿ, ಉಸಿರಾಟ, ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಎಲ್ಲಾ ನಾರ್ಮಲ್ ಅಂತ ಸಂಜೆ ಮನೆಗೆ ಕಳಿಸಿದರು. ಇವತ್ತು ಮೈಕೈ ಮುಟ್ಟಿದರೆ ನೋವು, ಮೂತ್ರ ಡಿಕಾಕ್ಷನ್ ಬಣ್ಣ. ನೋವಿನ ಮಾತ್ರೆ ಕೊಟ್ಟು ನಾಳೆವರೆಗೆ ನೋಡೋಣವಾ?

ಉತ್ತರ: ಬೇಡ, ಈಗಲೇ ಹೊರಡಿ. ಡಯಾಲಿಸಿಸ್ ಇರುವ ಆಸ್ಪತ್ರೆಗೇ ಹೋಗಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ಮಾತ್ರೆ ಕೊಡಲೇಬೇಡಿ, ಕಿಡ್ನಿಗೆ ಅದು ಇನ್ನೊಂದು ಪೆಟ್ಟು. ಉಳಿದದ್ದನ್ನು ದಾರಿಯಲ್ಲಿ ಓದಿಕೊಳ್ಳಿ.

ಕಡಜದಿಂದ ಎರಡು ಬೇರೆ ಬೇರೆ ಅಪಾಯಗಳಿವೆ. ಅಲರ್ಜಿಯದು ಸಾಮಾನ್ಯವಾಗಿ ನಿಮಿಷಗಳಲ್ಲೇ ಗೊತ್ತಾಗುತ್ತದೆ, ಒಂದೇ ಹುಳು ಸಾಕು. ನಿಮ್ಮ ಮಾವ ಅದನ್ನು ದಾಟಿದ್ದಾರೆ. ವಿಷದ ಪ್ರಮಾಣದಿಂದ ಬರುವುದು ನಿಧಾನ. ಸ್ನಾಯು ಒಡೆದು ಅದರೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್, ಕೆಂಪು ರಕ್ತಕಣ ಒಡೆದು ಹಿಮೋಗ್ಲೋಬಿನ್ ರಕ್ತಕ್ಕೆ ಸೇರಿ, ಕಿಡ್ನಿಯ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತವೆ. ಆ ಕಪ್ಪು ಬಣ್ಣ ಅದರದ್ದೇ ಇರಬೇಕು. ಕ್ರಿಯಾಟಿನಿನ್ ಏರಲು ಒಂದೆರಡು ದಿನ ಹಿಡಿಯುತ್ತದೆ. ಹಾಗಾಗಿ ಮೊದಲ ದಿನದ ನಾರ್ಮಲ್ ರಿಪೋರ್ಟನ್ನು ನಾನು ನೆಚ್ಚುವುದಿಲ್ಲ. ಮನೆಗೆ ಕಳಿಸಿದ್ದು ಅವಸರವಾಯಿತು ಅನ್ನಿಸುತ್ತದೆ.

ನಾನು ಮೊದಲು ಕೇಳುವುದು: ಎಷ್ಟು ಕಡೆ ಕಚ್ಚಿದೆ, ವಯಸ್ಸೆಷ್ಟು, ಕಚ್ಚಿ ಎಷ್ಟು ಹೊತ್ತಿಗೆ ಆಸ್ಪತ್ರೆ ಸೇರಿದರು, ಮೂತ್ರ ಎಷ್ಟು ಹೋಗುತ್ತಿದೆ. ಆರು ಗಂಟೆ ಕಾಲ ಕೆಜಿ ತೂಕಕ್ಕೆ ಗಂಟೆಗೆ 0.5 ಮಿಲಿಗಿಂತ ಕಡಿಮೆ ಆದರೆ ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂತಲೇ ಲೆಕ್ಕ. ಆಮೇಲೆ ಸಿಪಿಕೆ (ಸ್ನಾಯು ಒಡೆದರೆ ರಕ್ತದಲ್ಲಿ ಏರುವ ಕಿಣ್ವ), ಎಲ್‌ಡಿಎಚ್ ಮತ್ತು ಬಿಲಿರುಬಿನ್ (ರಕ್ತಕಣ ಒಡೆದರೆ ಏರುವಂಥವು), ಪೊಟ್ಯಾಸಿಯಂ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಇಸಿಜಿ. ಸಿಪಿಕೆ 5,000 ದಾಟಿದರೆ ಕಿಡ್ನಿ ಬಗ್ಗೆ ತುಂಬಾ ಎಚ್ಚರ ಬೇಕು. ಇವನ್ನೆಲ್ಲ ಒಂದೇ ಸಲ ನೋಡಿ ಬಿಡುವಂತಿಲ್ಲ, ಮತ್ತೆ ಮತ್ತೆ ಮಾಡಿ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಬೇಕು. ಮೂತ್ರದ ಪಟ್ಟಿ ಪರೀಕ್ಷೆಯಲ್ಲಿ 'ರಕ್ತ' ಅಂತ ಬಂದು, ಮೈಕ್ರೋಸ್ಕೋಪಿನಲ್ಲಿ ರಕ್ತಕಣವೇ ಕಾಣದಿದ್ದರೆ, ಬಣ್ಣ ಆ ಮಯೋಗ್ಲೋಬಿನ್ ಅಥವಾ ಹಿಮೋಗ್ಲೋಬಿನ್‌ನದು ಅನ್ನುವುದಕ್ಕೆ ಅದು ದೊಡ್ಡ ಸುಳಿವು.

ಇನ್ನೊಬ್ಬರು: ಹಾವಿಗಿರುವಂತೆ ಇದಕ್ಕೆ ಪ್ರತಿವಿಷ ಇಲ್ಲವಾ ಸರ್?

ಉತ್ತರ: ಬಳಕೆಯಲ್ಲಿ ಇಲ್ಲ. ಅದಕ್ಕೇ ಬೇಗ ಡ್ರಿಪ್ ಹಾಕುವುದು ಮುಖ್ಯ. 2013ರಲ್ಲಿ ಚೀನಾದ ಶಾನ್‌ಶಿ ಪ್ರಾಂತ್ಯದಲ್ಲಿ ಕೆಲವೇ ತಿಂಗಳಲ್ಲಿ ಕಡಜದಿಂದ 40ಕ್ಕೂ ಹೆಚ್ಚು ಜನ ಸತ್ತರು.

ಮತ್ತೊಬ್ಬರು: ನನಗೆ ಎರಡೇ ಕಡೆ ಕಚ್ಚಿದ್ದು, ಮೂರು ದಿನವಾಯಿತು. ಊತ ಬಿಟ್ಟರೆ ಬೇರೇನಿಲ್ಲ.

ಉತ್ತರ: ಆರಾಮಾಗಿರಿ. ಐಸ್ ಇಡಿ ಸಾಕು.

ಮೊದಲು ಕೇಳಿದವರು: ಅಡ್ಮಿಟ್ ಮಾಡಿದೆವು ಡಾಕ್ಟ್ರೇ. ಸಿಪಿಕೆ 14,000 ಬಂದಿದೆ, ಮೂತ್ರ ಕಡಿಮೆ. ಡಯಾಲಿಸಿಸ್ ಬೇಕಾಗಬಹುದು ಅಂದರು. ಜೀವನಪೂರ್ತಿ ಮಾಡಿಸಬೇಕಾ?

ಉತ್ತರ: ಬಹಳ ಜನರಿಗೆ ಹಾಗಾಗುವುದಿಲ್ಲ. ಕೆಲವು ವಾರ ಆಸರೆ ಸಿಕ್ಕರೆ ಕಿಡ್ನಿ ಚೇತರಿಸಿಕೊಳ್ಳುತ್ತದೆ. ಡಯಾಲಿಸಿಸ್‌ಗೆ ಹೆದರಿ ತಡ ಮಾಡಬೇಡಿ. ಪೊಟ್ಯಾಸಿಯಂ ಎಷ್ಟಿದೆ ಅಂತ ಕೇಳಿ ತಿಳಿಸಿ.