ಬರ್ಲ್ ವೆನೀರ್ ಮುದುರಿಕೊಂಡಿದೆ, ಬಿರುಕು ಬಿಡದ ಹಾಗೆ ಚಪ್ಪಟೆ ಮಾಡುವುದು ಹೇಗೆ?

ಚಿಕ್ಕ_ಉಳಿ:
ವಾಲ್‌ನಟ್ ಬರ್ಲ್ ವೆನೀರ್, ಅಂದರೆ ಮರದ ಗಂಟಿನಿಂದ ತೆಗೆದ ತೆಳು ಮರದ ಹಾಳೆ, ನಾಲ್ಕು ಇದೆ. ಎಲ್ಲ ಒಂದೇ ಕಟ್ಟಿನದು, ದಪ್ಪ ಸುಮಾರು 0.6 ಮಿ.ಮೀ. ಡಿಸೈನ್ ಎದುರುಬದುರು ಬರುವ ಹಾಗೆ ಜೋಡಿಸಿ ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಬೇಕು ಅಂತ ಆಸೆ. ಆದರೆ ಹಾಳೆಗಳು ಒಣಗಿದ ಎಲೆಯ ಹಾಗೆ ಮುದುರಿವೆ. ಒಂದು ಮೂಲೆ ಒತ್ತಿದರೆ ಎದುರಿನ ಮೂಲೆ ಏಳುತ್ತದೆ, ಸ್ವಲ್ಪ ಜಾಸ್ತಿ ಒತ್ತಿದರೆ ಚಟಚಟ ಸದ್ದು. ಹಾಗಾಗಿ ಮುಟ್ಟದೆ ಇಟ್ಟಿದ್ದೇನೆ.

ಇವನ್ನು ಸಮ ಮಾಡುವುದು ಹೇಗೆ? ಅಲ್ಲಲ್ಲಿ ಸೂಜಿಮೊನೆಯಷ್ಟು ತೂತುಗಳಿವೆ, ಒಂದು ಹಾಳೆಯಲ್ಲಿ ಹೆಸರುಕಾಳಿನಷ್ಟು ದೊಡ್ಡ ತೂತು, ಅಂಚಿನಲ್ಲಿ ಎರಡು ಬಿರುಕು. ಇದನ್ನೆಲ್ಲ ಅಂಟಿಸುವ ಮೊದಲು ಸರಿ ಮಾಡಬೇಕಾ, ಆಮೇಲಾ? ಇನ್ನೊಂದು ಹಾಳೆಯಲ್ಲಿ ನೀಲಿಗಪ್ಪು ಕಲೆಯೂ ಇದೆ. ಉಜ್ಜಿ ತೆಗೆಯಲು ಧೈರ್ಯ ಸಾಲುತ್ತಿಲ್ಲ.

ಗರಗಸ:
ನೀರು ಚಿಮುಕಿಸಿ ಮೇಲೊಂದು ಬಟ್ಟೆ ಹಾಕಿ ಇಸ್ತ್ರಿ ಮಾಡಿ. ಐದು ನಿಮಿಷದ ಕೆಲಸ. ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಹಳೇ_ಕೀಸುಳಿ:
ಗರಗಸ ಅವರೇ, ಎಳೆ ನೇರವಾಗಿರುವ ವೆನೀರ್ ಆದರೆ ನಿಮ್ಮ ಮಾತು ಸರಿ. ಬರ್ಲ್‌ಗೆ ನಡೆಯುವುದಿಲ್ಲ. ಇಸ್ತ್ರಿ ಕೆಳಗೆ ಚೆನ್ನಾಗಿಯೇ ಮಲಗುತ್ತದೆ, ತಣ್ಣಗಾಗಿ ಒಣಗುತ್ತಿದ್ದ ಹಾಗೆ ಮತ್ತೆ ಅದೇ ಆಟ.

ಕಾರಣ ಇಷ್ಟೇ. ಮರ ಒಣಗುವಾಗ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ. ಎಳೆ ಎಲ್ಲ ಒಂದೇ ಕಡೆ ಹೋದರೆ ಹಾಳೆ ಒಂದೇ ಕಡೆ ಕುಗ್ಗಿ ಸುಮ್ಮನಾಗುತ್ತದೆ. ಬರ್ಲ್‌ನಲ್ಲಿ ಎಳೆ ಸುತ್ತಿಕೊಂಡು, ತಿರುಚಿಕೊಂಡು, ಕೆಲವು ಕಡೆ ನೆಟ್ಟಗೆ ನಿಂತುಕೊಂಡೂ ಇರುತ್ತದೆ, ಒಂದೊಂದು ಜಾಗವೂ ಒಂದೊಂದು ದಿಕ್ಕಿಗೆ ಎಳೆಯುತ್ತದೆ, ಆ ಎಳೆದಾಟಕ್ಕೆ ಹಾಳೆಯಲ್ಲಿ ಜಾಗ ಸಾಲದೆ ಮೇಲಕ್ಕೆ ಉಬ್ಬುತ್ತದೆ. ಬರೀ ನೀರು ಆರಿ ಹೋಗುತ್ತದೆ. ಆರಿ ಹೋಗದೆ ಒಳಗೇ ಉಳಿದು ಎಳೆಯನ್ನು ಮೆತ್ತಗೆ ಇಡುವ ಏನಾದರೂ ಬೇಕು, ಅದೇ ಗ್ಲಿಸರಿನ್.

ತುಂಬ ಜನ ಬಳಸುವ ಅಳತೆ: ನೀರು 3 ಪಾಲು, ಬಿಳಿ ಅಂಟು 2 ಪಾಲು, ಗ್ಲಿಸರಿನ್ 1 ಪಾಲು, ಸ್ಪಿರಿಟ್ 1 ಪಾಲು. ಬಿಳಿ ಅಂಟು ಅಂದರೆ ಮರಕ್ಕೆ ಹಾಕುವ ಮಾಮೂಲಿ ಪಿವಿಎ. ಸ್ಪಿರಿಟ್ ಇದ್ದರೆ ಬೇಗ ಒಳಗಿಳಿಯುತ್ತದೆ, ಬೇಗ ಆರುತ್ತದೆ. ಹತ್ತಿರದಲ್ಲಿ ಬೆಂಕಿ ಇರಬಾರದು. ಗ್ಲಿಸರಿನ್ ಜಾಸ್ತಿ ಆದರೆ ಒಳ್ಳೆಯದು ಅಂದುಕೊಂಡು ಸುರಿಯಬೇಡಿ, ಆಮೇಲೆ ಅಂಟೂ ಹಿಡಿಯುವುದಿಲ್ಲ, ಪಾಲಿಶೂ ಕೂರುವುದಿಲ್ಲ.

ಹಾಳೆಯ ಎರಡೂ ಬದಿ ಒದ್ದೆಯಾಗುವಷ್ಟು ಹಚ್ಚಿ, ನೆಟ್ಟಗೆ ನಿಲ್ಲಿಸಿ ಸೋರಲು ಬಿಡಿ. ಸ್ವಲ್ಪ ಹೊತ್ತಿಗೆ ಕೈ ಮೇಲೆ ಹಾಕಿದರೆ ಒದ್ದೆ ಚರ್ಮದ ಹಾಗೆ ಜೋಲುತ್ತದೆ. ಆ ಹದ ಬರುವವರೆಗೆ ಒತ್ತಲೇಬೇಡಿ. ಬಂದ ಮೇಲೆ ಜೋಡಿಸುವ ಕ್ರಮ ಹೀಗೆ: ಕೆಳಗೆ ದಪ್ಪ ಪ್ಲೈವುಡ್, ಅದರ ಮೇಲೆ ಏನೂ ಅಚ್ಚಾಗದ ಖಾಲಿ ಕಾಗದ ನಾಲ್ಕಾರು ಹಾಳೆ, ಕಿಟಕಿಗೆ ಹಾಕುವ ಪ್ಲಾಸ್ಟಿಕ್ ಅಥವಾ ಫೈಬರ್ ಜಾಲರಿ, ವೆನೀರ್, ಮತ್ತೆ ಜಾಲರಿ, ಕಾಗದ, ಮೇಲೊಂದು ಪ್ಲೈವುಡ್. ಜಾಲರಿ ಇಲ್ಲದಿದ್ದರೆ ಅಂಟಿನಿಂದಾಗಿ ಕಾಗದ ಕಚ್ಚಿಕೊಳ್ಳುತ್ತದೆ. ಕಬ್ಬಿಣದ ಜಾಲರಿ ಮಾತ್ರ ಬೇಡವೇ ಬೇಡ. ಹಳೇ ಪೇಪರೂ ಬೇಡ, ಮಸಿ ಇಳಿಯುತ್ತದೆ.

ಕ್ಲಾಂಪ್‌ಗಳನ್ನು ಒಂದೇ ಸಲಕ್ಕೆ ಬಿಗಿಯಬೇಡಿ. ಮೊದಲು ತಾಗುವಷ್ಟು. ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು ಸುತ್ತು, ಮತ್ತೆ ಬಿಟ್ಟು ಮತ್ತೊಂದು. ಬಿಗಿಯುವಾಗ ಸದ್ದು ಬಂದರೆ ನಿಲ್ಲಿಸಿ, ಸಡಿಲಿಸಿ, ಇನ್ನಷ್ಟು ದ್ರಾವಣ ಹಚ್ಚಿ.

ಎಲ್ಲರೂ ಸೋಮಾರಿತನ ಮಾಡುವುದು ಇಲ್ಲಿಂದ ಮುಂದೆ. ಮೊದಲ ದಿನ ಕಾಗದವನ್ನು ಎರಡು ಮೂರು ಸಲ ಬದಲಿಸಬೇಕು, ಆಮೇಲೆ ದಿನಕ್ಕೊಂದು ಸಲ, ತೆಗೆದ ಕಾಗದ ಒಣಗಿಯೇ ಬರುವವರೆಗೆ. ಬದಲಿಸದೆ ಬಿಟ್ಟರೆ ಬೂಷ್ಟು ಬರುತ್ತದೆ. ಒಣಗಿದೆಯಾ ಅಂತ ನೋಡಲು ಹಾಳೆಯನ್ನು ಕೆನ್ನೆಗೆ ತಾಗಿಸಿ, ತಣ್ಣಗಿದ್ದರೆ ಇನ್ನೂ ತೇವ ಇದೆ ಅಂತ ಅರ್ಥ. ಬೆರಳಿಗೆ ಗೊತ್ತಾಗದ್ದು ಕೆನ್ನೆಗೆ ಗೊತ್ತಾಗುತ್ತದೆ. ಒಣಗಿದ ಮೇಲೂ ಹೊರಗೆ ತೆಗೆದು ಇಡಬೇಡಿ. ಅಂಟಿಸುವ ದಿನದವರೆಗೂ ಹಲಗೆಗಳ ನಡುವೆಯೇ ಇರಲಿ.

ಗರಗಸ:
ಸರಿ ಸರ್, ಒಪ್ಪಿದೆ. ಆದರೆ ದ್ರಾವಣಕ್ಕೆ ಅಂಟು ಯಾಕೆ? ಬರೀ ಗ್ಲಿಸರಿನ್ ನೀರಿನಲ್ಲೂ ಮಾಡುತ್ತಾರಲ್ವಾ?

ಹಳೇ_ಕೀಸುಳಿ:
ಮಾಡುತ್ತಾರೆ, ಸಣ್ಣ ಅಲೆಗಳಿದ್ದರೆ ಅದೇ ಸಾಕು. ಬರ್ಲ್ ಒಣಗಿದಾಗ ಪುಡಿಪುಡಿ ಆಗುವ ಜಾತಿ, ಅಂಟು ಇದ್ದರೆ ಎಳೆ ಎಳೆಯನ್ನು ಹಿಡಿದಿಡುತ್ತದೆ. ಕತ್ತರಿಸುವಾಗ ಅಂಚು ಉದುರುವುದು ಕಡಿಮೆ. ಮುದುರಿದ ವೆನೀರ್‌ಗೆ ಅಂಟಿಲ್ಲದ ದ್ರಾವಣ ನಾನು ಹಚ್ಚುವುದಿಲ್ಲ.

ಮೇಣದ_ಬತ್ತಿ:
ತೂತು ಬಿರುಕಿನ ವಿಷಯ ಯಾರೂ ಮುಟ್ಟಲಿಲ್ಲ, ನಾನು ಹೇಳುತ್ತೇನೆ.

ಬಿರುಕು, ದೊಡ್ಡ ತೂತು ಅಂಟಿಸುವ ಮೊದಲು. ಸೂಜಿಮೊನೆ ತೂತು ಆಮೇಲೆ.

ಹಾಳೆ ಚಪ್ಪಟೆಯಾದ ಮೇಲೆ ಬಿರುಕಿನ ಎರಡು ಅಂಚನ್ನು ಒತ್ತಿ ಕೂಡಿಸಿ, ಮುಖದ ಕಡೆ ವೆನೀರ್ ಟೇಪ್ ಹಚ್ಚಿ. ನೀರು ತಾಗಿಸಿ ಅಂಟಿಸುವ ತೆಳು ಕಾಗದದ ಟೇಪ್ ಅದು, ಒಣಗುವಾಗ ತಾನೇ ಕುಗ್ಗಿ ಸಂದನ್ನು ಎಳೆದು ಮುಚ್ಚುತ್ತದೆ. ಹಿಂದಿನ ಕಡೆ ಹಚ್ಚಿದರೆ ಅದು ಅಂಟಿನ ಪದರದಲ್ಲಿ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಮುಖದ ಕಡೆಯೇ. ಅಂಟು ಒಣಗಿದ ಮೇಲೆ ಟೇಪನ್ನು ಒದ್ದೆ ಮಾಡಿ ಕೆರೆದು ತೆಗೆಯಿರಿ.

ದೊಡ್ಡ ತೂತಿಗೆ ಪುಟ್ಟಿ ತುಂಬಬೇಡಿ, ಕಣ್ಣಿಗೆ ಹೊಡೆಯುತ್ತದೆ. ಅದೇ ಕಟ್ಟಿನ ಚೂರೊಂದನ್ನು ತೂತಿನ ಕೆಳಗಿಟ್ಟು, ಹೊಸ ಬ್ಲೇಡಿನಿಂದ ಎರಡು ಪದರವನ್ನೂ ಒಟ್ಟಿಗೆ ಕತ್ತರಿಸಿ. ಆಗ ತೇಪೆ ಆ ಗುಂಡಿಗೇ ಹೇಳಿ ಮಾಡಿಸಿದ್ದು. ಚೌಕಾಕಾರ, ದುಂಡು ಎಲ್ಲ ಬೇಡ, ಬರ್ಲ್‌ನ ಸುಳಿ ಹೋದ ಹಾಗೆ ವಕ್ರವಕ್ರವಾಗಿ ಕತ್ತರಿಸಿ. ನೇರ ಗೆರೆಯನ್ನು ಕಣ್ಣು ತಕ್ಷಣ ಹಿಡಿಯುತ್ತದೆ, ಸುಳಿಯೊಳಗಿನ ಸುಳಿಯನ್ನು ಹಿಡಿಯುವುದಿಲ್ಲ.

ಸೂಜಿಮೊನೆ ತೂತುಗಳಿಂದ ಅಂಟು ಮೇಲೆ ಉಕ್ಕುತ್ತದೆ, ಅದು ಖಂಡಿತ. ಅಂಟಿಗೆ ಮೊದಲೇ ಸ್ವಲ್ಪ ಕಂದು ಬಣ್ಣ ಬೆರೆಸಿದ್ದರೆ ಉಕ್ಕಿದ್ದು ಮರದ ಚುಕ್ಕೆಯ ಹಾಗೇ ಕಾಣುತ್ತದೆ. ಇನ್ನೂ ಖಾಲಿ ಉಳಿದ ತೂತುಗಳಿಗೆ ಪಾಲಿಶಿನ ಒಂದು ಕೋಟ್ ಆದ ಮೇಲೆ ಪುಟ್ಟಿ ತುಂಬಿ. ಮರದ ನಿಜವಾದ ಬಣ್ಣ ಆಗ ತಾನೇ ಗೊತ್ತಾಗುವುದು? ಬರೀ ಮರಕ್ಕೆ ಪುಟ್ಟಿ ಬಳಿದರೆ ಸುತ್ತಲಿನ ಸಣ್ಣ ರಂಧ್ರಕ್ಕೆಲ್ಲ ಹೊಕ್ಕು ಮಸುಕು ಕಲೆ ಬೀಳುತ್ತದೆ.

ಉಜ್ಜುವಾಗ ಹುಷಾರು. ಮೆಷಿನ್ ಬೇಡ. ಮೇಲೆಲ್ಲ ಪೆನ್ಸಿಲಿನಿಂದ ತೆಳುವಾಗಿ ಗೀಚಿ, 220 ನಂಬರ್ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ ಕೈಯಲ್ಲೇ ಉಜ್ಜಿ, ಗೀಚು ಮಾಯವಾದ ತಕ್ಷಣ ನಿಲ್ಲಿಸಿ. 0.6 ಮಿ.ಮೀ. ಅಂದರೆ ಅಂಚಿನಲ್ಲಿ ನಾಲ್ಕು ಸಲ ಜಾಸ್ತಿ ಎಳೆದರೂ ಕೆಳಗಿನ ಹಲಗೆ ಇಣುಕುತ್ತದೆ.

ಚಿಕ್ಕ_ಉಳಿ:
ಇಬ್ಬರಿಗೂ ಥ್ಯಾಂಕ್ಸ್, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಇನ್ನು ಮೂರು ಸಂಶಯ. ಅಂಟಿಸಲು ಕಾಂಟ್ಯಾಕ್ಟ್ ಅಂಟು (ಎರಡೂ ಕಡೆ ಹಚ್ಚಿ, ಆರಿದ ಮೇಲೆ ಒತ್ತಿ ಕೂಡಿಸುವುದು) ಸಾಕಾ? ಒಣಗಿದ ಮೇಲೆ ಎಲ್ಲಾದರೂ ಗುಳ್ಳೆ ಎದ್ದರೆ? ಆ ನೀಲಿಗಪ್ಪು ಕಲೆ?

ಮೇಣದ_ಬತ್ತಿ:
ಗುಳ್ಳೆಗೆ ನಾನು. ಉಗುರಿನಿಂದ ಮೇಲೆಲ್ಲ ತಟ್ಟುತ್ತಾ ಹೋಗಿ. ಹಿಡಿದ ಕಡೆ ಗಟ್ಟಿ ಸದ್ದು, ಬಿಟ್ಟ ಕಡೆ ಟೊಳ್ಳು ಸದ್ದು. ಟೊಳ್ಳಿದ್ದಲ್ಲಿ ಎಳೆ ಹೋದ ದಿಕ್ಕಿಗೇ ಬ್ಲೇಡಿನಿಂದ ಸಣ್ಣದಾಗಿ ಸೀಳಿ, ಸಿರಿಂಜಿನಲ್ಲಿ ಅಂಟು ಬಿಡಿ, ಬೆರಳಿನಿಂದ ಒತ್ತಿ ಹರಡಿ, ಉಕ್ಕಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಲಗೆ ಇಟ್ಟು ಕ್ಲಾಂಪ್ ಹಾಕಿ. ಮೊದಲು ಅಂಟಿಸಿದ್ದು ಪಿವಿಎಯಲ್ಲಿ ಆದರೆ ಸೀಳುವ ಮೊದಲು ಒಂದು ಸಲ ಇಸ್ತ್ರಿ ಬಿಸಿ ಕೊಟ್ಟು, ತಣ್ಣಗಾಗುವವರೆಗೆ ಹಲಗೆಯಿಂದ ಒತ್ತಿ ಹಿಡಿದು ನೋಡಿ. ಬಿಸಿಗೆ ಆ ಅಂಟು ಮತ್ತೆ ಮೆತ್ತಗಾಗುತ್ತದೆ, ಎಷ್ಟೋ ಸಲ ಅಷ್ಟಕ್ಕೇ ಕೂರುತ್ತದೆ. ಅಂಟೇ ತಲುಪದ ಜಾಗ ಆದರೆ ಇಸ್ತ್ರಿಯಿಂದ ಏನೂ ಆಗುವುದಿಲ್ಲ.

ಹಳೇ_ಕೀಸುಳಿ:
ಕಾಂಟ್ಯಾಕ್ಟ್ ಅಂಟು ಬೇಡ. ಅದು ಒಣಗಿದ ಮೇಲೂ ರಬ್ಬರಿನ ಹಾಗೆ ಜಗ್ಗುತ್ತದೆ, ಬರ್ಲ್ ನಿಧಾನಕ್ಕೆ ಎಳೆದು ಎಳೆದು ಮತ್ತೆ ಏಳುತ್ತದೆ. ಕಲ್ಲಿನ ಹಾಗೆ ಗಟ್ಟಿಯಾಗುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಒಳ್ಳೆಯದು, ಪುಡಿ ಕಲಸುವಾಗ ಮಾಸ್ಕ್ ಹಾಕಿಕೊಳ್ಳಿ, ಕಿಟಕಿ ತೆರೆದಿರಲಿ. ಮುಚ್ಚಳದ ಒಳಬದಿಗೂ ಯಾವುದಾದರೂ ಅಗ್ಗದ ವೆನೀರ್ ಹಾಕಲೇಬೇಕು, ಒಂದೇ ಕಡೆ ಹಾಕಿದರೆ ಹಲಗೆ ಬಾಗುತ್ತದೆ.

ನೀಲಿಗಪ್ಪು ಕಲೆ ಬಹುಶಃ ಕಬ್ಬಿಣದ್ದು. ಒದ್ದೆ ಇದ್ದಾಗ ಮೊಳೆಯೋ ಪಿನ್ನೋ ತಾಗಿದರೆ ಮರದಲ್ಲೇ ಇರುವ ಟ್ಯಾನಿನ್ ಅನ್ನುವ ಒಗರು ಅಂಶದ ಜೊತೆ ಸೇರಿ ಹಾಗಾಗುತ್ತದೆ. ಉಜ್ಜಿದರೆ ಹೋಗುವುದಿಲ್ಲ, ಆಳಕ್ಕಿಳಿದಿರುತ್ತದೆ. ಆಕ್ಸಾಲಿಕ್ ಆಸಿಡ್ ಪುಡಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿನೀರಿಗೆ ಕರಗಿಸಿ, ಕಲೆಗೆ ಮಾತ್ರ ಅಲ್ಲ, ನಾಲ್ಕೂ ಹಾಳೆಗೆ ಪೂರ್ತಿ ಹಚ್ಚಿ. ಇಲ್ಲದಿದ್ದರೆ ಜೋಡಿಸಿದಾಗ ಒಂದು ಮಾತ್ರ ಬೆಳ್ಳಗೆ ಕಾಣುತ್ತದೆ. ಅದು ವಿಷ, ಗ್ಲೌಸ್ ಕನ್ನಡಕ ಬೇಕೇ ಬೇಕು. ಆಮೇಲೆ ಶುದ್ಧ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ, ಹರಳು ಉಳಿದರೆ ಮುಂದೆ ಉಜ್ಜುವಾಗ ಪುಡಿ ಮೂಗಿಗೆ ಹೋಗುತ್ತದೆ.

ಇದನ್ನು ಚಪ್ಪಟೆ ಮಾಡುವ ಮೊದಲೇ ಮುಗಿಸಿ. ಆಮೇಲೆ ಮಾಡಿದರೆ ನೀರು ತಾಗಿ ಮತ್ತೆ ಮುದುರುತ್ತದೆ, ಹಾಕಿದ ಗ್ಲಿಸರಿನ್ನೂ ತೊಳೆದು ಹೋಗುತ್ತದೆ.