ಪದಚರ್ಚೆ: ‘ಅಯಾನಿಕ ದ್ರವ’ವೋ ‘ಅಯಾನಿಕ ದ್ರಾವಣ’ವೋ?

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ಕಾಳುಮೆಣಸು ಬೆಳೆಗಾರರಿಗಾಗಿ ತಯಾರಾಗುತ್ತಿರುವ ಲೇಖನದಲ್ಲಿ ಈ ವಾಕ್ಯವಿದೆ: “ಬಿಳಿ ಕಾಳುಮೆಣಸಿನ ಪುಡಿಯನ್ನು ಅಯಾನಿಕ ದ್ರಾವಣದಲ್ಲಿ ಕರಗಿಸಿ ಪೈಪರೀನ್ ನಿಷ್ಕರ್ಷಣೆ ಮಾಡುತ್ತಾರೆ.” (ಪೈಪರೀನ್ ಎಂದರೆ ಕಾಳುಮೆಣಸಿನ ಖಾರದ ಸತ್ವ.) ‘ದ್ರಾವಣ’ ಸರಿಯೇ? ‘ನಿಷ್ಕರ್ಷಣೆ’ಗೆ ಬೇರೆ ಮಾತಿದೆಯೇ? ‘ಹಸಿರು ದ್ರಾವಕ’ (ದ್ರಾವಕ ಎಂದರೆ ಬೇರೆ ವಸ್ತುವನ್ನು ಕರಗಿಸಿಕೊಳ್ಳುವ ದ್ರವ) ಎಂದೂ ಮುಂದೆ ಬರುತ್ತದೆ.
— ಶಿರಸಿಯಿಂದ

ನಮಸ್ಕಾರ. ‘ದ್ರಾವಣ’ ಬೇಡ. ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ನಿಂತ ನೀರೂ ಅಯಾನುಗಳ, ಅಂದರೆ ವಿದ್ಯುದಾವೇಶವಿರುವ ಕಣಗಳ, ದ್ರಾವಣವೇ. ನಿಮ್ಮ ಲೇಖನದ್ದು ನೀರಿನ ಹಂಗಿಲ್ಲದೆ ತಾನೇ ದ್ರವವಾಗಿರುವ ಲವಣ. ಅಡುಗೆ ಉಪ್ಪು ಕಾದು ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. 100 ಡಿಗ್ರಿಯೊಳಗೇ ದ್ರವವಾಗುವ ಲವಣಗಳನ್ನಷ್ಟೇ ‘ಅಯಾನಿಕ ದ್ರವ’ ಎನ್ನುವುದು ರೂಢಿ. ಗೊಂದಲಕ್ಕೆ ನಮ್ಮ ‘ಕರಗು’ ಕೂಡ ಕಾರಣ: ಬೆಣ್ಣೆಯೂ ಕರಗುತ್ತದೆ, ಸಕ್ಕರೆಯೂ ಕರಗುತ್ತದೆ. ‘ಕಾದು ಕರಗಿದ’, ‘ನೀರಲ್ಲಿ ಕರಗಿದ’ ಎಂದು ಬಿಡಿಸಿಯೇ ಬರೆಯಿರಿ.

ಆದರೆ ‘ದ್ರಾವಣ’ವನ್ನು ಪೂರ್ತಿ ಓಡಿಸಲಾಗದು. ಅಯಾನಿಕ ದ್ರವ ಬಲು ಮಂದ, ಪುಡಿಯೊಳಗೆ ಬೇಗ ಇಳಿಯದು. ಅದಕ್ಕೇ ನೀರು ಬೆರೆಸುತ್ತಾರೆ. ಪೈಪರೀನ್‌ಗೆ ಬಳಸಿರುವ ಬ್ಯುಟೈಲ್‌ಮೀಥೈಲ್‌ಇಮಿಡಜೋಲಿಯಂ ಟೆಟ್ರಾಫ್ಲೋರೋಬೋರೇಟ್‌ನ 2 ಮೋಲಾರ್ (ಲೀಟರ್ ದ್ರಾವಣದಲ್ಲಿ 2 ಮೋಲ್) ದ್ರಾವಣಕ್ಕೆ 45.2 ಗ್ರಾಂ ತೂಗಿ, ಅಳತೆ ಫ್ಲಾಸ್ಕಿನಲ್ಲಿ 100 ಮಿ.ಲೀ. ಗೆರೆಯವರೆಗೆ ನೀರು ತುಂಬಬೇಕು. 100 ಮಿ.ಲೀ. ನೀರನ್ನೇ ಸುರಿದರೆ ದ್ರಾವಣ ತೆಳುವಾಗುತ್ತದೆ. ಕಾರವಾರದ ಮಳೆಗಾಲದಲ್ಲಿ ಬಾಟಲಿ ತೆರೆದಿಟ್ಟರೆ ಗಾಳಿಯ ತೇವವನ್ನು ಹೀರಿ ತೂಕವೇ ಸುಳ್ಳಾಗುತ್ತದೆ.

‘ನಿಷ್ಕರ್ಷಣೆ’ ಓದಿದವರಿಗೆ ‘ನಿಷ್ಕರ್ಷೆ’, ಅಂದರೆ ತೀರ್ಮಾನ, ನೆನಪಾಗುತ್ತದೆ. ಕಷಾಯಕ್ಕೆ ಸತ್ವ ‘ಇಳಿಯುತ್ತದೆ’ ಎನ್ನುತ್ತೇವಲ್ಲ, ಅದೇ ಇಲ್ಲಿ ಸಲ್ಲುತ್ತದೆ. ಪುಡಿ ಕರಗುವುದೂ ಇಲ್ಲ, ನೆನೆಯುತ್ತದೆ. 1 ಗ್ರಾಂ ಪುಡಿಗೆ 15 ಮಿ.ಲೀ. ದ್ರಾವಣ, ಅರ್ಧ ಗಂಟೆ ಅಲ್ಟ್ರಾಸೌಂಡ್ (ಕಿವಿಗೆ ಕೇಳದ ಶಬ್ದತರಂಗ), ಆಮೇಲೆ ಸೋಸುವುದು: ಇಷ್ಟಕ್ಕೆ ‘ಇಳಿಸುವುದು’ ಮುಗಿಯಿತು.

‘ಬೇರ್ಪಡಿಸುವುದು’ ಇನ್ನೊಂದೇ ಕೆಲಸ, ಕಷ್ಟದ್ದೂ ಹೌದು. ಎಥನಾಲ್ ಆದರೆ ಆವಿಯಾಗಿ ಹೋಗುತ್ತದೆ. ಈ ದ್ರವ ಆವಿಯಾಗುವುದೇ ಇಲ್ಲವೆನ್ನಬೇಕು. ಹಾಗಾಗಿ ಸೋಸಿದ್ದಕ್ಕೆ ಈಥೈಲ್ ಅಸಿಟೇಟ್ ಎಂಬ, ಮೇಲೆ ತೇಲುವ ಹಗುರ ದ್ರಾವಕ ಸೇರಿಸಿ ಕುಲುಕಿ, ಪೈಪರೀನನ್ನು ಮೇಲಿನ ಪದರಕ್ಕೆ ಸೆಳೆದುಕೊಳ್ಳಬೇಕು. ಒಂದೇ ಸಲಕ್ಕೆ ಪೂರ್ತಿ ಬರುವುದಿಲ್ಲ. ಜೋರಾಗಿ ಕುಲುಕಿದರೆ ನಡುವೆ ಬೆಳ್ಳಗಿನ ನೊರೆಪದರ ಕಟ್ಟಿ ಕೂರುತ್ತದೆ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಜೋರಾಗಿ ತಿರುಗಿಸದೆ ಬಿಡದು. ಇದನ್ನು ‘ಮರುಸೆಳೆತ’ ಎನ್ನಬಹುದೇನೋ.
— ಕಾರವಾರದಿಂದ

‘ಮರುಸೆಳೆತ’ ಚೆನ್ನಾಗಿದೆ. ‘ಹಸಿರು ದ್ರಾವಕ’ ಎಂದರೆ ಬಣ್ಣವೇ ಹಸಿರು ಎಂದುಕೊಳ್ಳುವವರು ಇದ್ದಾರೆ. ‘ಪರಿಸರಸ್ನೇಹಿ’ ಎಂದರೆ ಅತಿಯಾಯಿತು: ಆವಿಯಾಗದ ಕಾರಣ ಗಾಳಿ ಕೆಡದು, ಬೆಂಕಿ ಹತ್ತುವ ಭಯ ಕಡಿಮೆ, ಅಷ್ಟೇ. ಉದ್ದ ಕಾರ್ಬನ್ ಸರಪಳಿಯ ಇಮಿಡಜೋಲಿಯಂ ಲವಣಗಳು ಜಲಚರಗಳಿಗೆ ವಿಷ. ಮೇಲೆ ಹೇಳಿದ ಟೆಟ್ರಾಫ್ಲೋರೋಬೋರೇಟ್ ನೀರಿನೊಡನೆ ಕಾದರೆ ಒಡೆದು ಹೈಡ್ರೋಜನ್ ಫ್ಲೋರೈಡ್ ಬಿಡಬಲ್ಲದು. ಅದು ಗಾಜನ್ನೇ ತಿನ್ನುತ್ತದೆ. ‘ಆವಿಯಾಗದ ದ್ರಾವಕ’ ಎಂದು ಬರೆಯಿರಿ, ಸಾಕು.
— ಕುಮಟಾದಿಂದ